ಟರ್ಫ್‌ಗೂ ಮಣ್ಣಿಗೂ ಒಂದೇ ಸ್ಟಡ್ಸ್ ಸಾಕಾ? ಬಾಯಿ ಬಿಟ್ಟಿದ್ದನ್ನ ಹೊಲಿಸೋದಾ, ಹೊಸದು ತಗೊಳ್ಳೋದಾ?

ಭಾನುವಾರದ ಬ್ಯಾಕ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿದ್ದೇನೆ. ವಾರದ ಮಧ್ಯೆ ರಾತ್ರಿ ಹೊತ್ತು ಗೆಳೆಯರ ಜೊತೆ ಬಾಡಿಗೆ ಟರ್ಫ್‌ನಲ್ಲಿ (ಕೃತಕ ಹುಲ್ಲಿನ ಮೈದಾನ) ಫುಟ್‌ಬಾಲ್ ಆಡುತ್ತೇನೆ. ಭಾನುವಾರ ಬೆಳಿಗ್ಗೆ ನಮ್ಮ ಏರಿಯಾದ ಮೈದಾನ. ಅಲ್ಲಿ ಹುಲ್ಲು ಹುಡುಕಿದರೂ ಸಿಗಲ್ಲ, ಬರೀ ಕೆಂಪು ಮಣ್ಣು. ಎರಡು ಕಡೆಗೂ ಇರೋದು ಒಂದೇ ಜೊತೆ ಸ್ಟಡ್ಸ್, ಅಂದರೆ ಅಡಿಯಲ್ಲಿ ಗೂಟದಂಥ ಸ್ಟಡ್‌ಗಳಿರೋ ಶೂ. ಡಬ್ಬದ ಮೇಲೆ ಎಫ್‌ಜಿ (ಫರ್ಮ್ ಗ್ರೌಂಡ್) ಅಂತ ಬರೆದಿತ್ತು.

ಈಗ ಬಲಗಾಲಿನದು ಮುಂದುಗಡೆ ಬಾಯಿ ಬಿಟ್ಟಿದೆ. ಹೆಬ್ಬೆರಳ ಪಕ್ಕ ಕಿರುಬೆರಳು ತೂರಿಸಬಹುದು, ಅಷ್ಟು. ಕೊಂಡ ಅಂಗಡಿಗೆ ಹೋದೆ. ಅವರು ಸೋಲ್ ತಿರುಗಿಸಿ, ಸ್ಟಡ್ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕರೀ ರಬ್ಬರ್ ಕಾಳು ತೋರಿಸಿ, 'ಟರ್ಫ್‌ನಲ್ಲಿ ಆಡಿದೀರಾ ಸಾರ್, ವಾರಂಟಿ ಬರಲ್ಲ' ಅಂದರು. ದುಡ್ಡು ಎಣಿಸಿಕೊಳ್ಳುವಾಗ ಈ ಮಾತು ಬರಲಿಲ್ಲ ನೋಡಿ.

ಕೇಳಬೇಕಾಗಿದ್ದು ಇಷ್ಟೇ. ಹೊಲಿಸಿದರೆ ನಿಲ್ಲುತ್ತಾ? ಹೊಸದೇ ತಗೊಳ್ಳಬೇಕು ಅಂದರೆ ಎರಡೂ ಕಡೆ ನಡೆಯೋ ಶೂ ಅಂತ ಇದೆಯಾ? ಕಾಲು ಸ್ವಲ್ಪ ಅಗಲ. ಮೂರು ಸಾವಿರದ ಒಳಗೆ ಆದರೆ ಒಳ್ಳೇದು.

ಹಳೇ ಸ್ಟಾಪರ್

ಅಂಗಡಿಯವರ ಮಾತು ಕಹಿ, ಆದರೆ ಸುಳ್ಳಲ್ಲ. ಎಫ್‌ಜಿ ಸೋಲಿನ ಶೂ ಹಾಕಿಕೊಂಡು ಕೃತಕ ಹುಲ್ಲಿನ ಮೇಲೆ ಆಡಿದರೆ ಜವಾಬ್ದಾರಿ ನಮ್ಮದಲ್ಲ ಅಂತ ಹಲವು ಕಂಪನಿಗಳು ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಕಾರಣವೂ ಇದೆ. ಎಫ್‌ಜಿ ಮಾಡಿರೋದು ಹುಲ್ಲಿರುವ, ತುಸು ತೇವ ಇರುವ ನೆಲಕ್ಕೆ. ಕಂಠೀರವ ಕ್ರೀಡಾಂಗಣದ ಹುಲ್ಲು ನೆನೆಸಿಕೊಳ್ಳಿ. ಅದರ ಸ್ಟಡ್ ಒಂದು ಸೆಂಟಿಮೀಟರ್ ಆಸುಪಾಸು ಇರುತ್ತೆ, ಪಾದಕ್ಕೆ ಹತ್ತು ಹನ್ನೆರಡು. ಅವು ನೆಲದೊಳಗೆ ಇಳಿಯಬೇಕು. ಇಳಿದರೇ ಕೆಲಸ.

ಟರ್ಫ್‌ನಲ್ಲಿ ಏನಾಗುತ್ತೆ ಅಂದರೆ, ಅವು ಇಳಿದು ಕಚ್ಚಿಕೊಂಡು ಬಿಡುತ್ತವೆ. ಬ್ಲೇಡ್ ಥರದ ಸ್ಟಡ್ ಆದರಂತೂ ಇನ್ನೂ ಜಾಸ್ತಿ. ಮೈ ತಿರುಗಿದರೂ ಪಾದ ತಿರುಗಲ್ಲ. ಆ ಎಳೆತ ಎಲ್ಲಿಗೆ ಹೋಗಬೇಕು? ಒಂದೋ ಅಪ್ಪರ್ (ಶೂವಿನ ಮೇಲ್ಭಾಗ) ಮತ್ತು ಸೋಲಿನ ನಡುವಿನ ಅಂಟಿಗೆ, ಇಲ್ಲಾ ನಿಮ್ಮ ಮೊಣಕಾಲಿಗೆ. ನಿಮ್ಮದು ಅಂಟಿಗೆ ಹೋಗಿದೆ, ಪುಣ್ಯ.

ಒಣಗಿದ ಮಣ್ಣಿನಲ್ಲಿ ಇದರ ಉಲ್ಟಾ. ಏಪ್ರಿಲ್ ತಿಂಗಳಲ್ಲಿ ಸ್ಟಡ್ ಇಳಿಯೋದೇ ಇಲ್ಲ. ಇಡೀ ಮೈಭಾರ ಆ ಹತ್ತು ಹನ್ನೆರಡು ಚುಕ್ಕಿಗಳ ಮೇಲೆ ನಿಲ್ಲುತ್ತೆ. ಆಟ ಮುಗಿದ ಮೇಲೆ ಅಂಗಾಲು ಮುಟ್ಟಿ ನೋಡಿಕೊಳ್ಳಿ, ಯಾವ ಸ್ಟಡ್ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು.

ಹಾಗಾಗಿ ನಿಮ್ಮ ಎರಡೂ ನೆಲಕ್ಕೆ ಎಫ್‌ಜಿ ಸರಿ ಹೋಗಲ್ಲ. ಟಿಎಫ್ ತಗೊಳ್ಳಿ. ಅಡಿಯಲ್ಲಿ ಗಿಡ್ಡನೆಯ ರಬ್ಬರ್ ಉಬ್ಬುಗಳು ತುಂಬಾ ಇರುತ್ತಲ್ಲ, ಅದು. ಟರ್ಫ್‌ಗೂ ಆಗುತ್ತೆ, ಗಟ್ಟಿ ಮಣ್ಣಿಗೂ ಆಗುತ್ತೆ. ಬೆಲೆಯೂ ಕಡಿಮೆ. ಹಳೇದನ್ನ ಹೊಲಿಸಿ ಇಟ್ಟುಕೊಳ್ಳಿ, ಮಳೆ ಬಿದ್ದು ಮೈದಾನ ಮೆತ್ತಗಾದಾಗ ಬೇಕಾಗುತ್ತೆ.

ಲೆಫ್ಟ್ ವಿಂಗ್ ಲೋಕಿ

ಸಾರ್, ಟಿಎಫ್ ಹಾಕಿಕೊಂಡು ಮಣ್ಣಿನಲ್ಲಿ ಓಡಿ ನೋಡಿ. ಮೇಲೆ ಸಣ್ಣ ಧೂಳು ಇದ್ದರೆ ಜಾರುತ್ತೆ. ವಿಂಗ್‌ನಲ್ಲಿ ಓಡಿ ಒಳಗೆ ಕಟ್ ಮಾಡೋವಾಗ ಎಷ್ಟು ಜನ ಬಿದ್ದಿದ್ದಾರೆ ಅಂತ ನಮ್ಮ ಮೈದಾನಕ್ಕೆ ಬಂದರೆ ತೋರಿಸ್ತೀನಿ. ನನ್ನ ಓಟು ಎಂಜಿ (ಮಲ್ಟಿ ಗ್ರೌಂಡ್) ಸೋಲಿಗೆ.

ಹಳೇ ಸ್ಟಾಪರ್

ಲೋಕಿ, ಜಾರೋದು ನಿಜ. ಆದರೆ ಜಾರಿದರೆ ತರಚುತ್ತೆ, ಕಚ್ಚಿಕೊಂಡರೆ ಆಪರೇಷನ್. ನನಗೆ ತರಚಿದ್ದೇ ಇರಲಿ. ನಲವತ್ತು ದಾಟಿದವರೂ ನಮ್ಮ ಜೊತೆ ಆಡ್ತಾರಪ್ಪ.

ಎಂಜಿ ವಿಷಯ ಒಳ್ಳೇದು ಎತ್ತಿದೆ. ನೈಕಿಯವರದ್ದು ನೋಡಿ, ಒಂದೇ ಹೆಸರಿನ ಶೂ ನಾಲ್ಕು ದರ್ಜೆಯಲ್ಲಿ ಬರುತ್ತೆ: ಎಲೈಟ್, ಪ್ರೊ, ಅಕಾಡೆಮಿ, ಕ್ಲಬ್. ಮೇಲಿನದಕ್ಕೆ ಎಫ್‌ಜಿ, ಏಜಿ (ಕೃತಕ ಹುಲ್ಲಿಗೆ), ಎಸ್‌ಜಿ (ಒದ್ದೆಯ ಮೆತ್ತನೆ ನೆಲಕ್ಕೆ) ಅಂತ ಬೇರೆ ಬೇರೆ ಸೋಲ್. ಕೆಳಗಿನ ಅಕಾಡೆಮಿ, ಕ್ಲಬ್ಬಿಗೆ ಎಂಜಿ ಸೋಲ್ ಹಾಕಿರುತ್ತಾರೆ, ಅಂದರೆ ಹಲವು ನೆಲಕ್ಕೆ ಆಗೋದು. ಪೂಮಾದವರ ಸೋಲ್ ಮೇಲೆ ಎಫ್‌ಜಿ/ಏಜಿ ಅಂತ ಎರಡೂ ಇರುತ್ತೆ. ನಮ್ಮಂಥವರಿಗೆ ಅಗ್ಗದ ಶೂವೇ ಜಾಸ್ತಿ ಹೊಂದೋದು. ಟಿವಿಯಲ್ಲಿ ಆಡೋರ ಕಾಲಲ್ಲಿರೋ ಶೂ ದಿನಾ ನೀರು ಹಾಕಿ, ಕತ್ತರಿಸಿ, ಉರುಳೆ ಓಡಿಸಿದ ಹುಲ್ಲಿಗೆ ಮಾಡಿದ್ದು. ನಮ್ಮ ಮೈದಾನಕ್ಕೆ ದನಗಳು ಕೂಡ ಮೇಯೋಕೆ ಬರಲ್ಲ.

ಅಂಟು ಕೆಲಸದವನು

ನಾನು ಆಟಗಾರ ಅಲ್ಲ. ಶೂ ಕಾರ್ಖಾನೆಯಲ್ಲಿ ಸೋಲ್ ಕೂರಿಸುವ ವಿಭಾಗದಲ್ಲಿ ಕೆಲಸ ಮಾಡಿದವನು. ರಿಪೇರಿ ಬಗ್ಗೆ ಹೇಳ್ತೀನಿ.

ಮೊದಲು ಬಾಯಿ ಬಿಟ್ಟ ಜಾಗ ಅಗಲಿಸಿ ಒಳಗೆ ನೋಡಿ. ಅಂಟು ಪದರ ಹಾಗೇ ಹಳದಿಯಾಗಿ ಸೋಲಿನ ಕಡೆ ಉಳಿದು, ಅಪ್ಪರ್ ಕಡೆ ನುಣ್ಣಗಿದ್ದರೆ ಅದು ಬರೀ ಅಂಟು ಬಿಟ್ಟಿರೋದು. ರಿಪೇರಿಗೆ ಯೋಗ್ಯ. ಅಪ್ಪರ್‌ನ ಬಟ್ಟೆಯೋ ಸಿಂಥೆಟಿಕ್ಕೋ ಹರಿದು ಎಳೆ ಎಳೆ ಸೋಲಿಗೆ ಅಂಟಿಕೊಂಡಿದ್ದರೆ ಹೊಲಿದರೂ ಪಕ್ಕದಲ್ಲಿ ಮತ್ತೆ ಹರಿಯುತ್ತೆ. ಸೋಲ್ ಪ್ಲೇಟೇ ಬೆರಳು ಮಡಚುವ ಜಾಗದಲ್ಲಿ ಸೀಳಿದ್ದರೆ ಬಿಟ್ಟುಬಿಡಿ, ಅದಕ್ಕೆ ಹಾಕಿದ ದುಡ್ಡು ನೀರಿಗೆ ಹಾಕಿದ ಹಾಗೆ.

ಅಂಟು ಮಾತ್ರ ಬಿಟ್ಟಿದ್ದರೆ ಮನೆಯಲ್ಲೇ ಮಾಡಬಹುದು. ಮಣ್ಣು, ರಬ್ಬರ್ ಕಾಳು ಎಲ್ಲ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯಿರಿ. ತೊಳೆದರೆ ಪೂರ್ತಿ ಒಣಗಲಿ, ಒಂದು ರಾತ್ರಿ ಬೇಕು. ಹಳೇ ಅಂಟು ಕೆರೆದು ತೆಗೆದು, ಎರಡೂ ಕಡೆ ಉಪ್ಪು ಕಾಗದದಿಂದ ಉಜ್ಜಿ ಒರಟು ಮಾಡಿ. ನುಣ್ಣಗಿರೋದಕ್ಕೆ ಅಂಟು ಹಿಡಿಯಲ್ಲ. ಆಮೇಲೆ ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಬೆರಳು ಮುಟ್ಟಿಸಬೇಡಿ, ಕೈಯ ಜಿಡ್ಡು ಸಾಕು ಕೆಲಸ ಕೆಡಿಸೋಕೆ.

ಅಂಟು ಯಾವುದು? ಚಪ್ಪಲಿ ರಿಪೇರಿಯವರು ಹಚ್ಚುವ ರಬ್ಬರ್ ಸೊಲ್ಯೂಷನ್. ಎರಡೂ ಕಡೆ ತೆಳ್ಳಗೆ ಹಚ್ಚಿ ಹತ್ತು ಹದಿನೈದು ನಿಮಿಷ ಹಾಗೇ ಬಿಡಿ. ಇಲ್ಲೇ ಎಲ್ಲರೂ ಅವಸರ ಮಾಡೋದು. ಹಸಿ ಇದ್ದಾಗಲೇ ಒತ್ತಿದರೆ ಒಳಗಿನ ದ್ರಾವಣ ಹೊರಗೆ ಹೋಗೋಕೆ ದಾರಿ ಇಲ್ಲದೆ ಅಂಟು ಹಸಿಯಾಗೇ ಉಳಿಯುತ್ತೆ. ಬೆರಳ ಹಿಂಭಾಗ ಸೋಕಿಸಿದರೆ ಅಂಟಬೇಕು, ಎಳೆ ಬರಬಾರದು. ಆಗ ಒಂದೇ ಸಲ ಸರಿಯಾಗಿ ಕೂರಿಸಿ ಗಟ್ಟಿಯಾಗಿ ಒತ್ತಿ. ಸೈಕಲ್ ಟ್ಯೂಬ್ ಸೀಳಿ ಮುಂಭಾಗಕ್ಕೆ ಬಿಗಿಯಾಗಿ ಸುತ್ತಿ, ಒಂದು ದಿನ ಮುಟ್ಟಬೇಡಿ.

ಫೆವಿಕ್ವಿಕ್ ಮಾತ್ರ ಹಾಕಬೇಡಿ. ಅದು ಒಣಗಿದರೆ ಗಾಜಿನಂತೆ ಪೆಡಸು. ಶೂ ಮಡಚೋದೇ ಆ ಜಾಗದಲ್ಲಿ. ಚಟ್ ಅಂತ ಬಿಡುತ್ತೆ, ಬಿಡುವಾಗ ಅಪ್ಪರ್‌ನ ಒಂದು ಪದರ ಕಿತ್ತುಕೊಂಡು ಬರುತ್ತೆ.

ಭಾನುವಾರದ ಬ್ಯಾಕ್

ಅಣ್ಣ, ತುಂಬಾ ಥ್ಯಾಂಕ್ಸ್. ನೋಡಿದೆ, ಅಪ್ಪರ್ ಕಡೆ ನುಣ್ಣಗೇ ಇದೆ. ಅಂಟಿಸಿದರೆ ಸಾಕಾ, ಹೊಲಿಗೆಯೂ ಬೇಕಾ?

ಅಂಟು ಕೆಲಸದವನು

ಚೆಂಡು ಒದೆಯೋ ಮೂತಿ ಅದು. ಅಂಟಿಸಿ, ಮೇಲೆ ಹೊಲಿಸಿ. ಬರೀ ಹೊಲಿಗೆ ಹಾಕಿಸಿದರೆ ಸಂದಿಯಲ್ಲಿ ಮಣ್ಣು ಸೇರಿ ದಾರ ಕೊಯ್ಯುತ್ತೆ.

ರಿಪೇರಿಯವರಿಗೆ ಮೂರು ವಿಷಯ ಹೇಳಿ. ನೈಲಾನ್ ದಾರ, ಮೇಣ ಹಚ್ಚಿದ್ದು. ಹತ್ತಿ ದಾರ ಒದ್ದೆಯಾಗಿ ಕೊಳೆಯುತ್ತೆ. ಎರಡನೇದು, ಹೊಲಿಗೆ ಮೂತಿಯ ಸುತ್ತ ಸೋಲಿನ ಅಂಚಿನಲ್ಲೇ ಇರಲಿ. ಬೆರಳು ಮಡಚುವ ಗೆರೆಗೆ ಅಡ್ಡಲಾಗಿ ತೂತು ಮೇಲೆ ತೂತು ಬಿದ್ದರೆ ಸೋಲ್ ಅಲ್ಲೇ ಸೀಳುತ್ತೆ. ಮೂರನೇದು, ಕೆಳಗೆ ದಾರ ಕೂರೋಕೆ ಸಣ್ಣ ಗೀರು ಕೊಯ್ಯೋಕೆ ಹೇಳಿ. ದಾರ ಹೊರಗೆ ಎದ್ದು ನಿಂತರೆ ಮಣ್ಣಿಗೆ ಉಜ್ಜಿ ಸವೆದು ಹೋಗುತ್ತೆ. ಚಪ್ಪಲಿ ಅಟ್ಟೆಯ ಹಾಗೆ ಈ ಪ್ಲಾಸ್ಟಿಕ್ ಸುಲಭಕ್ಕೆ ಚುಚ್ಚಿಸಿಕೊಳ್ಳಲ್ಲ. ಕೆಲವರು ದಬ್ಬಳ ಕಾಯಿಸಿ ಚುಚ್ಚುತ್ತಾರೆ. ಸಮಯ ಹಿಡಿಯುತ್ತೆ. ಚೌಕಾಸಿ ಮಾಡಬೇಡಿ.

ಕಡಲ ಕರೆ ಕೀಪರ್

ಮಂಗಳೂರಿನಿಂದ. ನೀವೆಲ್ಲ ಒಣ ಮಣ್ಣಿನ ಕತೆ ಹೇಳ್ತಿದ್ದೀರಿ ಮಾರಾಯ್ರೆ, ನಮ್ಮದು ಬೇರೆಯೇ ಉಂಟು. ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಶೂ ಒಣಗುವುದೇ ದೊಡ್ಡ ಕೆಲಸ. ಬಿಸಿಲೇ ಇಲ್ಲ. ಬಚ್ಚಲೊಲೆ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ, ಒಳಗೆ ಇಟ್ಟರೆ ಬೂಸ್ಟು ಹಿಡಿಯುತ್ತದೆ.

ನಾವು ಮಾಡುವುದು ಹೀಗೆ. ಆಟ ಮುಗಿದ ಕೂಡಲೇ ಎರಡೂ ಶೂ ಒಂದಕ್ಕೊಂದು ಬಡಿದು ಕೆಸರು ಉದುರಿಸುವುದು. ಕೆಸರು ಒಣಗಿದರೆ ಮತ್ತೆ ಹೋಗುವುದಿಲ್ಲ. ಲೇಸ್ ಬಿಚ್ಚಿ, ಇನ್‌ಸೋಲ್ ಹೊರಗೆ ತೆಗೆದು, ನ್ಯೂಸ್ ಪೇಪರ್ ಉಂಡೆ ಮಾಡಿ ತುರುಕುವುದು. ರಾತ್ರಿ ಮಲಗುವ ಮೊದಲು ಒದ್ದೆ ಪೇಪರ್ ತೆಗೆದು ಹೊಸತು ಹಾಕುವುದು. ಫ್ಯಾನ್ ಕೆಳಗೆ ಮಗ್ಗುಲಾಗಿ ಮಲಗಿಸಿ ಇಡುವುದು. ಬೂಸ್ಟು ಬಂದರೆ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸುವುದು. ಇನ್‌ಸೋಲ್ ತೆಗೆಯದೆ ಒಣಗಿಸುವವರ ಚೀಲ ಯಾವುದು ಅಂತ ಡ್ರೆಸ್ಸಿಂಗ್ ರೂಮಿನಲ್ಲಿ ಹೇಳುವುದೇ ಬೇಡ, ಮೂಗಿಗೇ ಗೊತ್ತಾಗುತ್ತದೆ.

ಕೆಸರಿಗೆ ಸ್ಟಡ್ ದೂರ ದೂರ ಇರಬೇಕು. ಟಿಎಫ್ ಹಾಕಿದರೆ ಉಬ್ಬುಗಳ ನಡುವೆ ಕೆಸರು ತುಂಬಿ ಅಡಿ ನುಣ್ಣಗಾಗುತ್ತದೆ. ಹಾಗಾಗಿ ಸ್ಟಾಪರ್ ಸರ್ ಹೇಳಿದ ಹಾಗೆ ಆ ಎಫ್‌ಜಿ ಬಿಸಾಡಬೇಡಿ. ಮಳೆಗಾಲದಲ್ಲಿ ಅದೇ ನಿಮ್ಮ ಒಳ್ಳೆಯ ಶೂ.

ಸ್ಟಟ್‌ಗಾರ್ಟ್ ಸಬ್

ಒದ್ದೆ ನೆಲದ ಮಾತು ಬಂತಲ್ಲ, ಜರ್ಮನಿಯಿಂದ ಒಂದು ಮಾತು. ಇಲ್ಲಿನ ಸಣ್ಣ ಊರಿನ ಕ್ಲಬ್ಬಿನಲ್ಲಿ ಆಡ್ತೀನಿ. ನವೆಂಬರ್ ಬಂದರೆ ಹುಲ್ಲಿನ ಮೈದಾನ ಪೂರ್ತಿ ನೀರು ಕುಡಿದಿರುತ್ತೆ. ಆಗ ಎಸ್‌ಜಿ, ತಿರುಗಿಸಿ ಕೂರಿಸುವ ಲೋಹದ ಸ್ಟಡ್. ಇದಕ್ಕೆ ಇಲ್ಲಿ ದೊಡ್ಡ ಕತೆಯೇ ಇದೆ. 1954ರ ವಿಶ್ವಕಪ್ ಫೈನಲ್, ಬರ್ನ್ ನಗರ, ಮಳೆ. ಹಂಗೆರಿ ಎದುರು ಪಶ್ಚಿಮ ಜರ್ಮನಿ 0-2 ಹಿಂದಿತ್ತು, ಕೊನೆಗೆ 3-2 ಗೆದ್ದಿತು. ಅಡಿಡಾಸ್‌ನ ಆಡಿ ಡಾಸ್ಲರ್ ಮಾಡಿಕೊಟ್ಟ ಶೂಗಳಲ್ಲಿ ಸ್ಟಡ್ ಬದಲಾಯಿಸಬಹುದಿತ್ತು, ಕೆಸರಿಗೆ ಉದ್ದನೆಯವು ಹಾಕಿದರು. ಗೆದ್ದಿದ್ದು ಶೂ ಒಂದರಿಂದಲೇ ಅಂತ ಹೇಳೋರೂ ಇದ್ದಾರೆ. ನನಗೆ ಅದು ಅತಿ ಅನ್ನಿಸುತ್ತೆ, ಗೋಲು ಹೊಡೆದಿದ್ದು ಕಾಲುಗಳು.

ಎಸ್‌ಜಿ ಇಟ್ಟುಕೊಂಡವರು ಯಾರಾದರೂ ಇದ್ದರೆ: ಸ್ಟಡ್ ಕೂರಿಸುವ ಮೊದಲು ಅದರ ಸ್ಕ್ರೂ ಥ್ರೆಡ್‌ಗೆ ಚೂರು ವ್ಯಾಸಲೀನ್ ಹಚ್ಚಿ. ಇಲ್ಲಾಂದರೆ ತುಕ್ಕು ಹಿಡಿದು ಕಚ್ಚಿಕೊಂಡರೆ ಕೀಲಿಯಿಂದಲೂ ಬರಲ್ಲ. ಮೊದಲ ಸುತ್ತು ಯಾವಾಗಲೂ ಬೆರಳಿನಿಂದ ತಿರುಗಿಸಿ. ಸೀದಾ ಕೀಲಿ ಹಾಕಿದರೆ ಥ್ರೆಡ್ ಓರೆ ಕೂತು ಸೋಲಿನೊಳಗಿನ ನಟ್ ಹಾಳಾಗುತ್ತೆ, ಅದನ್ನ ರಿಪೇರಿ ಮಾಡೋಕಾಗಲ್ಲ. ಬೇಸಿಗೆಗೆ ಸ್ಟಡ್ ಬಿಚ್ಚಿ ಇಡಿ. ಕೃತಕ ಹುಲ್ಲಿನ ಮೈದಾನಕ್ಕೆ ಲೋಹದ ಸ್ಟಡ್ ಹಾಕಿಕೊಂಡು ಹೋದರೆ ಇಲ್ಲಿ ಗೇಟಿನಲ್ಲೇ ವಾಪಸ್ ಕಳಿಸ್ತಾರೆ.

ಲೆಫ್ಟ್ ವಿಂಗ್ ಲೋಕಿ

ಕತೆ ಅಂದರೆ ನಮ್ಮದೂ ಇದೆ. ನಮ್ಮೋರು ಬರಿಗಾಲಲ್ಲಿ ಆಡ್ತೀವಿ ಅಂದಿದ್ದಕ್ಕೆ 1950ರ ವಿಶ್ವಕಪ್‌ಗೆ ಬಿಡಲಿಲ್ಲ ಅಂತಾರಲ್ಲ.

ಹಳೇ ಸ್ಟಾಪರ್

ಅದು ಬಾಯಿಂದ ಬಾಯಿಗೆ ಬಂದ ಕತೆ ಲೋಕಿ. ಪ್ರಯಾಣ, ತಯಾರಿ, ಒಲಿಂಪಿಕ್ಸೇ ದೊಡ್ಡದು ಅನ್ನೋ ಭಾವನೆ, ಇಂಥ ಕಾರಣಗಳೇ ಜಾಸ್ತಿ. ಬರಿಗಾಲಿನ ಆಟ ಮಾತ್ರ ನಿಜ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿ 1-2ರಲ್ಲಿ ಸೋತರು. ನಮ್ಮ ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಎರಡು ಪೆನಾಲ್ಟಿ ಕೈಬಿಟ್ಟು ಹೋಗಿದ್ದವು, ಇಲ್ಲಾಂದರೆ ಕತೆಯೇ ಬೇರೆ. ನಾಲ್ಕು ವರ್ಷ ಆದಮೇಲೆ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ಎದುರು 1-10. ಅಲ್ಲಿಂದ ಬಂದ ಮೇಲೆ ಇಲ್ಲಿ ಬೂಟು ಕಡ್ಡಾಯ ಆಯಿತು.

ಸರಿ, ಇದನ್ನ ಹಿಡಿದರೆ ಬೆಳಗಾಗುತ್ತೆ. ಅಳತೆ ವಿಷಯಕ್ಕೆ ಬನ್ನಿ ಯಾರಾದರೂ.

ಅಗಲ ಪಾದ

ನಾನು ಬರ್ತೀನಿ. ಹೆಸರೇ ಹೇಳುತ್ತಲ್ಲ.

ಯುಕೆ 8 ಅಂತ ಕಣ್ಣು ಮುಚ್ಚಿ ಆರ್ಡರ್ ಮಾಡಬೇಡಿ. ಅಡಿಡಾಸ್‌ನ ಯುಕೆ 8 ಅಂದರೆ 26.5 ಸೆಂಟಿಮೀಟರ್. ನೈಕಿಯ ಯುಕೆ 8 ಅಂದರೆ 27. ನಂಬರ್ ಒಂದೇ, ಶೂ ಬೇರೆ. ನಾಲಿಗೆಯ ಒಳಗಿನ ಚೀಟಿಯಲ್ಲಿ ಸೆಂಟಿಮೀಟರ್ ಸಂಖ್ಯೆ ಇರುತ್ತೆ, ಅದನ್ನ ಹೋಲಿಸಿ.

ಪಾದ ಅಳೆಯೋದು ಸಂಜೆ. ದಿನವೆಲ್ಲ ಓಡಾಡಿ ಕಾಲು ಕೊಂಚ ಊದಿರುತ್ತೆ, ಆಟದಲ್ಲೂ ಹಾಗೇ ಆಗೋದು. ಆಟಕ್ಕೆ ಹಾಕುವ ಸಾಕ್ಸನ್ನೇ ಹಾಕಿ. ಹಿಮ್ಮಡಿ ಗೋಡೆಗೆ ತಾಗಿಸಿ ಕಾಗದದ ಮೇಲೆ ನಿಂತು, ಅತಿ ಉದ್ದ ಇರೋ ಬೆರಳಿಗೆ ಗುರುತು ಹಾಕಿ. ಎಲ್ಲರಿಗೂ ಹೆಬ್ಬೆರಳೇ ಉದ್ದ ಇರಲ್ಲ. ಎರಡೂ ಕಾಲು ಅಳೆಯಿರಿ, ದೊಡ್ಡ ಕಾಲಿನ ಲೆಕ್ಕ ಹಿಡಿಯಿರಿ.

ಅಂಗಡಿಯಲ್ಲಿ ಇನ್ನೊಂದು ಕೆಲಸ ಮಾಡಿ. ಶೂ ಒಳಗಿನ ಇನ್‌ಸೋಲ್ ಹೊರಗೆ ಎಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಬೆರಳ ಮುಂದೆ ಅರ್ಧ ಸೆಂಟಿಮೀಟರ್ ಜಾಗ ಇದ್ದರೆ ಸಾಕು. ಪಾದದ ಪಕ್ಕದ ಮಾಂಸ ಎರಡೂ ಕಡೆ ಇನ್‌ಸೋಲ್ ದಾಟಿ ಹೊರಗೆ ಬಂದರೆ ಆ ಮಾಡೆಲ್ ನಿಮ್ಮದಲ್ಲ. ನಂಬರ್ ದೊಡ್ಡದು ಮಾಡಿದರೆ ಉದ್ದ ಜಾಸ್ತಿ ಆಗುತ್ತೆ, ಹಿಮ್ಮಡಿ ಜಾರುತ್ತೆ, ಗುಳ್ಳೆ ಬರುತ್ತೆ, ಚೆಂಡಿಗೆ ಬೆರಳಿನ ಬದಲು ಖಾಲಿ ಮೂತಿ ತಾಗುತ್ತೆ. ಅಗಲದ ತೊಂದರೆಗೆ ಅಗಲದ ಶೂವೇ ಮದ್ದು. ಮಿಜುನೊ, ನ್ಯೂ ಬ್ಯಾಲೆನ್ಸ್‌ನಲ್ಲಿ ಅಗಲ ಪಾದದ ಮಾಡೆಲ್‌ಗಳು ಇವೆ, ಆದರೆ ನಿಮ್ಮ ಬಜೆಟ್‌ಗೆ ಹತ್ತಿರ ಬರಲ್ಲ. ಟಿಎಫ್‌ಗಳು ಸಾಮಾನ್ಯವಾಗಿ ಸ್ವಲ್ಪ ಸಡಿಲ ಇರುತ್ತವೆ. ನಿವಿಯಾ, ಕಿಪ್‌ಸ್ಟಾ ಬ್ರ್ಯಾಂಡಿನ ಶೂ ಅಂಗಡಿಯಲ್ಲೇ ಸಿಗುತ್ತೆ, ಹಾಕಿ ನೋಡೋಕೆ ಆಗುತ್ತೆ. ಇದೇ ದೊಡ್ಡ ಲಾಭ.

ಕೊನೆಗೆ ಶೂ ಕೈಯಲ್ಲಿ ಹಿಡಿದು ಮಡಚಿ. ಬೆರಳು ಮಡಚುವ ಜಾಗದಲ್ಲಿ ಮಡಚಬೇಕು. ನಟ್ಟ ನಡುವೆ, ಪಾದದ ಕಮಾನಿನ ಕೆಳಗೆ ಮಡಚಿದರೆ ಅಲ್ಲೇ ಇಟ್ಟು ಬನ್ನಿ.

ಗೋಲ್ಡನ್ ಗೋಲ್ ಗಿರಿ

ಚರ್ಮದ್ದು ತಗೊಂಡರೆ ಅಗಲ ಪಾದಕ್ಕೆ ತಾನೇ ಹಿಗ್ಗುತ್ತಲ್ಲ? ನಮ್ಮ ಮಾವ ಈಗಲೂ ಅಡಿಡಾಸ್‌ನ ಕೊಪಾ ಮುಂಡಿಯಾಲ್ ಬಿಟ್ಟು ಬೇರೆ ಹಾಕಲ್ಲ.

ಅಂಟು ಕೆಲಸದವನು

ಹಿಗ್ಗುತ್ತೆ, ಆದರೆ ಅಗಲಕ್ಕೆ. ಉದ್ದಕ್ಕೆ ಅಷ್ಟಾಗಿ ಹಿಗ್ಗಲ್ಲ. ಸಿಂಥೆಟಿಕ್ ಹಾಗಲ್ಲ, ಅಂಗಡಿಯಲ್ಲಿ ಒತ್ತಿದ್ದು ಕೊನೆವರೆಗೂ ಒತ್ತುತ್ತೆ. ನಿಮ್ಮ ಮಾವನ ಶೂ 1979ರ ಮಾಡೆಲ್, ಇಷ್ಟು ವರ್ಷ ಹೆಚ್ಚು ಬದಲಾವಣೆ ಇಲ್ಲದೆ ಬಂದಿದೆ. ಅದರ ಕಾಂಗರೂ ಚರ್ಮ ತೆಳ್ಳಗಿದ್ದರೂ ಗಟ್ಟಿ, ಅದಕ್ಕೇ ಅಷ್ಟು ಹೆಸರು. ಈಗ ಅದರ ಕಾಲ ಮುಗೀತಾ ಬಂತು. ಪೂಮಾ, ನೈಕಿ ಎರಡೂ 2023ರಲ್ಲಿ ಕಾಂಗರೂ ಚರ್ಮ ಬಿಡ್ತೀವಿ ಅಂತ ಹೇಳಿದವು.

ಚರ್ಮದ್ದಕ್ಕೆ ಕೆಲಸ ಜಾಸ್ತಿ. ಒದ್ದೆಯಾಗಿ ಒಣಗಿದರೆ ಬಿರುಸಾಗುತ್ತೆ. ಒಣಗಿದ ಮೇಲೆ ಲೆದರ್ ಕ್ರೀಮ್ ತೆಳ್ಳಗೆ ಹಚ್ಚಬೇಕು. ಬಿಸಿಲಲ್ಲಿ ಇಟ್ಟರೆ ಸೀಳು ಬರುತ್ತೆ. ವಾರಕ್ಕೊಮ್ಮೆ ಇಷ್ಟು ಮಾಡೋ ತಾಳ್ಮೆ ಇದ್ದರೆ ತಗೊಳ್ಳಿ.

ಬಿಸಿಲು ಅಂದಾಗ ನೆನಪಾಯಿತು. ಕಾರಿನ ಡಿಕ್ಕಿಯಲ್ಲಿ ಶೂ ಬಿಟ್ಟು ಆಫೀಸಿಗೆ ಹೋಗೋರು ತುಂಬಾ ಜನ. ಕಾರ್ಖಾನೆಯಲ್ಲಿ ನಾವು ಅಂಟಿಗೆ 60 ಡಿಗ್ರಿ ಆಸುಪಾಸು ಬಿಸಿ ಕೊಟ್ಟು, ಅದು ಮೆದುವಾದಾಗ ಸೋಲ್ ಒತ್ತಿ ಕೂರಿಸೋದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಹೆಚ್ಚುಕಮ್ಮಿ ಅದೇ ಬಿಸಿ ಸಿಗುತ್ತೆ. ನಾವು ಕೂರಿಸಿದ್ದನ್ನ ನೀವು ಅಲ್ಲಿ ಬಿಚ್ಚುತ್ತಿದ್ದೀರಿ.

ಸುಮಾ, ಧಾರವಾಡ

ಇಲ್ಲಿ ಒಂದು ಪ್ರಶ್ನೆ ಕೇಳಬಹುದೇನ್ರಿ? ಮಗಳಿಗೆ ಹನ್ನೆರಡು ವರ್ಷ. ಶಾಲೆ ತಂಡದಲ್ಲಿ ಆಡ್ತಾಳ. ಆಟ ಮುಗಿದ ಮೇಲೆ ಹಿಮ್ಮಡಿ ನೋವು ಅಂತಾಳ, ಕುಂಟುತಾ ಬರ್ತಾಳ. ಬಿದ್ದಿಲ್ಲ, ಏಟು ಆಗಿಲ್ಲ. ಗಟ್ಟಿ ನೆಲ. ಬೆಳೆಯೋ ಕಾಲು ಅಂತ ಒಂದು ನಂಬರ್ ದೊಡ್ಡದೇ ಕೊಡಿಸೇವಿ. ಶೂದಿಂದ ಹಿಂಗ ಆಗಬಹುದೇ?

ಫಿಸಿಯೋ ಹುಡುಗಿ

ಅಕ್ಕ, ನೋಡದೆ ಹೇಳೋಕಾಗಲ್ಲ, ಒಮ್ಮೆ ಮೂಳೆ ಡಾಕ್ಟರಿಗೋ ಫಿಸಿಯೋಗೋ ತೋರಿಸಿ. ಆದರೆ ಈ ವಯಸ್ಸಿನಲ್ಲಿ ಓಡಿ ಆಡುವ ಮಕ್ಕಳಿಗೆ ಸೀವರ್ಸ್ ಅನ್ನೋ ಹಿಮ್ಮಡಿ ನೋವು ತುಂಬಾ ಸಾಮಾನ್ಯ. ಸುಮಾರು ಎಂಟರಿಂದ ಹದಿನಾಲ್ಕರ ಒಳಗೆ. ಹಿಮ್ಮಡಿ ಮೂಳೆ ಇನ್ನೂ ಬೆಳೆಯುತ್ತಿರುತ್ತೆ, ಮೀನಖಂಡದ ಸ್ನಾಯು ಅದನ್ನೇ ಎಳೆಯುತ್ತೆ. ಗಟ್ಟಿ ನೆಲ, ಗಟ್ಟಿ ಸೋಲಿನ ಸ್ಟಡ್ಸ್, ದಿನಾ ಪ್ರಾಕ್ಟೀಸ್ ಸೇರಿದರೆ ಜಾಸ್ತಿಯಾಗುತ್ತೆ. ಹೆದರುವಂಥದ್ದಲ್ಲ, ಬೆಳವಣಿಗೆ ಮುಗಿದಾಗ ಹೋಗುತ್ತೆ. ಆದರೆ ನೋವು ನುಂಗಿಕೊಂಡು ಆಡು ಅಂತ ಹೇಳಬೇಡಿ.

ಮನೆಯಲ್ಲೇ ಒಂದು ಪರೀಕ್ಷೆ: ಹಿಮ್ಮಡಿಯನ್ನ ಎರಡೂ ಪಕ್ಕದಿಂದ ಬೆರಳಲ್ಲಿ ಒತ್ತಿ. ಅಲ್ಲೇ ನೋವು ಅಂದರೆ ಅನುಮಾನ ಜಾಸ್ತಿ. ಪ್ರಾಕ್ಟೀಸಿಗೆ ಟಿಎಫ್ ಅಥವಾ ಮೆತ್ತನೆಯ ಓಟದ ಶೂ ಹಾಕಿಸಿ. ಸ್ಟಡ್ಸ್ ಪಂದ್ಯಕ್ಕೆ ಮಾತ್ರ, ಅದೂ ಹುಲ್ಲಿದ್ದರೆ. ಒಂದು ನಂಬರ್ ದೊಡ್ಡದು ಬೇಡ. ಪಾದ ಒಳಗೆ ಆಡುತ್ತೆ, ಹಿಮ್ಮಡಿ ಪ್ರತಿ ಹೆಜ್ಜೆಗೂ ಉಜ್ಜುತ್ತೆ. ಹೆಬ್ಬೆರಳ ಮುಂದೆ ಒಂದು ಸೆಂಟಿಮೀಟರ್ ಬಿಟ್ಟರೆ ಬೆಳೆಯೋಕೆ ಸಾಕು. ಎರಡು ಮೂರು ತಿಂಗಳಿಗೊಮ್ಮೆ ಶೂ ಮೂತಿ ಒತ್ತಿ ನೋಡಿ.

ಹೆಣ್ಣುಮಕ್ಕಳ ಶೂ ವಿಷಯ ಬೇರೆಯೇ ಇದೆ. ಮುಂಪಾದಕ್ಕೆ ಹೋಲಿಸಿದರೆ ಹಿಮ್ಮಡಿ ಕಿರಿದು. ಗಂಡಸರ ಅಚ್ಚಿನಲ್ಲೇ ಚಿಕ್ಕದು ಮಾಡಿ ಮಾರಿದರೆ ಮುಂದೆ ಒತ್ತುತ್ತೆ, ಹಿಂದೆ ಜಾರುತ್ತೆ. ಯುರೋಪಿನ ಕ್ಲಬ್ಬುಗಳ ಸಂಘ 2023ರಲ್ಲಿ ದೊಡ್ಡ ಮಟ್ಟದ ಆಟಗಾರ್ತಿಯರನ್ನ ಕೇಳಿದಾಗ ನೂರಕ್ಕೆ 82 ಮಂದಿ ಶೂನಿಂದ ಕಿರಿಕಿರಿ ಇದೆ ಅಂದರು. ಅವರ ಕತೆಯೇ ಹಾಗಿದ್ದರೆ ನಮ್ಮ ಶಾಲೆ ಮಕ್ಕಳದ್ದು ಯೋಚನೆ ಮಾಡಿ. ನೈಕಿ ಅದೇ ವರ್ಷ ಹೆಂಗಸರಿಗಾಗಿ ಫ್ಯಾಂಟಮ್ ಲೂನಾ ಅಂತ ಒಂದು ತಂದಿತು. ಆದರೆ ನಮ್ಮ ಮಕ್ಕಳ ಬಜೆಟ್ಟಿಗೆ ಅದು ದೂರದ ಮಾತು.

ಹಿಮ್ಮಡಿ ಜಾರುತ್ತಿದ್ದರೆ ಸದ್ಯಕ್ಕೆ ಲೇಸಿನಲ್ಲಿ ಸರಿ ಮಾಡಬಹುದು. ಕೊನೆಯ ಎರಡು ತೂತುಗಳಲ್ಲಿ ಅದೇ ಪಕ್ಕಕ್ಕೆ ಲೇಸ್ ಹಾಕಿ ಚಿಕ್ಕ ಕುಣಿಕೆ ಮಾಡಿ. ಎಡದ ಲೇಸ್ ಬಲದ ಕುಣಿಕೆಯಲ್ಲಿ, ಬಲದ್ದು ಎಡದ ಕುಣಿಕೆಯಲ್ಲಿ ತೂರಿಸಿ ಎಳೆದು ಕಟ್ಟಿ. ಕಣಕಾಲು ಹಿಡಿದು ಕೂರುತ್ತೆ.

ಸುಮಾ, ಧಾರವಾಡ

ಭಾಳ ಚಲೋ ಹೇಳಿದ್ರಿ. ಒತ್ತಿದ ಕೂಡಲೇ ಕಾಲು ಎಳಕೊಂಡಳು. ಸೋಮವಾರ ಡಾಕ್ಟರ್ ಹತ್ರ ಹೋಗ್ತೇವಿ.

ಸೀಟಿ ಊದುವವನು

ರೆಫ್ರಿ ಕಡೆಯಿಂದ ಎರಡು ಮಾತು. ಆಟದ ನಿಯಮ 4ರ ಪ್ರಕಾರ ಶೂ ಕಡ್ಡಾಯ, ಅಪಾಯ ಆಗುವಂಥದ್ದು ಏನೂ ಮೈಮೇಲೆ ಇರಬಾರದು. ಪಂದ್ಯದ ಮೊದಲು ನಾವು ಸೋಲ್ ಮೇಲೆ ಅಂಗೈ ಸವರಿ ನೋಡ್ತೀವಿ. ಮುರಿದ ಸ್ಟಡ್‌ನ ಚೂಪು, ಸವೆದ ಲೋಹದ ಅಂಚು ಕೈಗೆ ಸಿಕ್ಕರೆ ಬದಲಾಯಿಸಿ ಬಾ ಅಂತೀವಿ. ಅದಕ್ಕೆ ಬೇಜಾರು ಮಾಡಿಕೊಳ್ಳೋರೇ ಜಾಸ್ತಿ. ಆ ಅಂಚು ಎದುರಿನವನ ಮೀನಖಂಡಕ್ಕೆ ತಾಗಿದರೆ ಹೊಲಿಗೆ ಬೀಳೋದು ಶೂಗಲ್ಲ.

ರಿಪೇರಿ ಮಾಡಿಸಿದ ಶೂನಲ್ಲಿ ಮೊಳೆ ಹೊಡೆಸಬೇಡಿ. ಕೆಲವರು ಮೂತಿಗೆ ಸಣ್ಣ ಮೊಳೆ ಹೊಡೆಸಿಕೊಂಡು ಬಂದಿರ್ತಾರೆ. ನಾನು ಒಳಗೆ ಬಿಡಲ್ಲ.

ಗೋಲ್ಡನ್ ಗೋಲ್ ಗಿರಿ

ಒಂದೇ ಒಂದು ಸ್ಟಡ್ ಮುರಿದರೆ? ಹಳೇ ಶೂನಿಂದ ಕತ್ತರಿಸಿ ಅಂಟಿಸೋದನ್ನ ವಿಡಿಯೋದಲ್ಲಿ ನೋಡಿದೆ.

ಅಂಟು ಕೆಲಸದವನು

ಒಂದೇ ಅಚ್ಚಿನಲ್ಲಿ ಬಂದ ಸ್ಟಡ್ ಅದು. ಅಂಟಿಸಿದ್ದು ಮೊದಲ ತಿರುವಿನಲ್ಲೇ ಹಾರಿಹೋಗುತ್ತೆ. ವಿಡಿಯೋದವರು ಅಂಟಿಸೋವರೆಗೆ ತೋರಿಸ್ತಾರೆ, ಆಡಿ ತೋರಿಸಲ್ಲ. ಟಿಎಫ್‌ನಲ್ಲಿ ಒಂದೆರಡು ಉಬ್ಬು ಹೋದರೆ ಚಿಂತೆ ಇಲ್ಲ. ಎಫ್‌ಜಿಯಲ್ಲಿ ಮುಂಪಾದದ ಸ್ಟಡ್ ಹೋದರೆ ಭಾರ ಓರೆಯಾಗುತ್ತೆ, ಆ ಶೂ ಬಿಡಿ.

ಅದೇ ಹಿಮ್ಮಡಿ ಒಳಗಿನ ಬಟ್ಟೆ ಹರಿದರೆ ಖಂಡಿತ ರಿಪೇರಿ ಮಾಡಿಸಿ. ಎಲ್ಲರೂ ಅದನ್ನ ಬಿಡ್ತಾರೆ, ಆಮೇಲೆ ಒಳಗಿನ ಪ್ಲಾಸ್ಟಿಕ್ ಎದ್ದು ಹಿಮ್ಮಡಿ ಕೊಯ್ಯುತ್ತೆ. ತೆಳು ಮೆತ್ತನೆ ಚರ್ಮದ ತುಂಡು ಒಳಗಿಂದ ಅಂಟಿಸಿ, ಅಂಚು ಉಜ್ಜಿ ಮಟ್ಟ ಮಾಡಿದರೆ ಸಾಕು. ಅಂಚು ಎದ್ದಿದ್ದರೆ ಗುಳ್ಳೆ ಗ್ಯಾರಂಟಿ.

ಲೆಫ್ಟ್ ವಿಂಗ್ ಲೋಕಿ

ಫಸ್ಟ್ ಕಾಪಿ (ನಕಲಿ ಶೂ) ಬಗ್ಗೆ ಯಾರೂ ಮಾತಾಡಲಿಲ್ಲ. ಎಂಟುನೂರಕ್ಕೆ ದೊಡ್ಡ ಬ್ರ್ಯಾಂಡಿನ ಹೆಸರಿನದು ಸಿಗುತ್ತಲ್ಲ, ಬೀದಿ ಬದಿ.

ಅಗಲ ಪಾದ

ಹೆಸರಿಗೆ ಎಂಟುನೂರು ಕೊಡೋದು ಅದು. ಸೋಲ್ ಮಡಚಿ ನೋಡು, ಒಂದೋ ಮಡಚೋದೇ ಇಲ್ಲ, ಇಲ್ಲಾ ಎಲ್ಲಿ ಬೇಕಾದರೂ ಮಡಚುತ್ತೆ. ಅದೇ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಜಲಂಧರ್ ಕಡೆಯ ನಮ್ಮ ದೇಶದ ಬ್ರ್ಯಾಂಡಿನ ಶೂ ತಗೋ. ಹೆಸರು ಚಿಕ್ಕದು, ಆದರೆ ಅದು ಅದೇ ಶೂ, ಬೇರೆ ಯಾವುದೋ ಶೂನ ವೇಷ ಅಲ್ಲ.

ಭಾನುವಾರದ ಬ್ಯಾಕ್

ಟಿಎಫ್ ತಗೊಂಡೆ. ಇನ್‌ಸೋಲ್ ತೆಗೆದು ನಿಂತು ನೋಡಿದ್ದಕ್ಕೆ ಅಂಗಡಿ ಹುಡುಗ ವಿಚಿತ್ರವಾಗಿ ನೋಡಿದ. ಮೊದಲು ಕೈಗೆತ್ತಿಕೊಂಡ ಮಾಡೆಲ್‌ನಲ್ಲಿ ಕಾಲು ಎರಡೂ ಕಡೆ ಹೊರಗೆ. ಎರಡನೇದು ಸರಿಯಾಯಿತು, ನೋಡೋಕೆ ಅಷ್ಟೇನೂ ಚೆನ್ನಾಗಿಲ್ಲ.

ಹಳೇದನ್ನ ನಮ್ಮ ಬಸ್ ಸ್ಟಾಪ್ ಹತ್ತಿರದ ರಿಪೇರಿಯವರ ಹತ್ತಿರ ಕೊಟ್ಟೆ. ಅಣ್ಣ ಹೇಳಿದ ಹಾಗೆ ಅಂಟಿಸಿ ತಗೊಂಡು ಹೋಗಿದ್ದೆ. ಅವರು ನೋಡಿ, 'ಅಂಟು ಯಾರು ಹಾಕಿದ್ದು, ಕೆಲಸ ಗೊತ್ತಿರೋರು' ಅಂದರು. ಗೀರು ಕೊಯ್ದು ನೈಲಾನ್ ದಾರದಲ್ಲಿ ಮೂತಿ ಸುತ್ತ ಹೊಲಿದಿದ್ದಾರೆ. ಒಂದೇ ತೊಂದರೆ, ಒಳಗೆ ಹೆಬ್ಬೆರಳ ಕೆಳಗೆ ದಾರದ ಗಂಟು ಚುಚ್ಚುತ್ತೆ. ಕತ್ತರಿಸಬಹುದಾ?

ಅಂಟು ಕೆಲಸದವನು

ಕತ್ತರಿಸಬೇಡಿ, ಪೂರ್ತಿ ಹೊಲಿಗೆ ಬಿಚ್ಚಿಕೊಳ್ಳುತ್ತೆ. ಬೆಂಕಿಕಡ್ಡಿ ಆರಿಸಿ, ಅದರ ಬಿಸಿ ತುದಿಯಿಂದ ಗಂಟನ್ನ ಒಂದು ಸಲ ಒತ್ತಿ. ನೈಲಾನ್ ಕರಗಿ ಚಪ್ಪಟೆಯಾಗುತ್ತೆ, ಗಂಟೂ ಗಟ್ಟಿಯಾಗುತ್ತೆ. ಉರಿಯೋ ಕಡ್ಡಿ ಒಳಗೆ ಹಾಕಬೇಡಿ, ಅಂಟಿಗೆ ಬೇಗ ಬೆಂಕಿ ಹತ್ತುತ್ತೆ. ಮೇಲೆ ಬಟ್ಟೆ ಪ್ಲಾಸ್ಟರ್ ಒಂದು ತುಂಡು ಅಂಟಿಸಿ, ಅದರ ಮೇಲೆ ಇನ್‌ಸೋಲ್ ಹಾಕಿ.

ಕಡಲ ಕರೆ ಕೀಪರ್

ಮತ್ತೆ ಆ ಇನ್‌ಸೋಲ್ ಆಟ ಮುಗಿದ ಮೇಲೆ ಹೊರಗೆ ತೆಗೆಯಿರಿ ಮಾರಾಯ್ರೆ.